ಹಂಚು ಕೈಯಾಡಿಸಿ, ಬೀಗದಕೈ ಕೊಡಿ

ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಜುಲೈನಲ್ಲಿ ಬಿದ್ದ ಮನೆ ಮತ್ತೆ ಏಳಲು ಹೆಚ್ಚುಕಡಿಮೆ 10 ತಿಂಗಳು ಬೇಕು. ಮಳೆ ಬಿಡದೆ ಪಂಚಾಂಗ, ಅಂದರೆ ಅಡಿಪಾಯ, ತೋಡುವಂತಿಲ್ಲ, ಚಿರೇಕಲ್ಲಿನ ಕ್ವಾರಿಯಲ್ಲಿ ನೀರು ನಿಂತಿರುತ್ತದೆ. ಕೆಲಸ ಹಿಡಿಯುವಾಗ ದೀಪಾವಳಿ ಬಂದಿರುತ್ತದೆ. ಪರಿಹಾರದ ಹಣವೂ ಪಂಚಾಂಗ, ಲಿಂಟಲ್, ಮಾಡು ಅಂತ ಹಂತದ ಫೋಟೋ ನೋಡಿಕೊಂಡೇ ಬರುವುದು. ಒಂದು ಕಂತು ತಡವಾದರೆ ಮೇಸ್ತ್ರಿ ಬೇರೆ ಕೆಲಸ ಹಿಡಿಯುತ್ತಾನೆ, ಅಷ್ಟರಲ್ಲಿ ಮುಂದಿನ ಮಳೆಗಾಲ.

2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟಿನ ಕೆಳಗೆ ಕಾಳಿ ನದಿ ಉಕ್ಕಿದಾಗ, 2024ರ ಜುಲೈ 16ರಂದು ಶಿರೂರು ಗುಡ್ಡ ಕುಸಿದು ಗಂಗಾವಳಿಯ ಆಚೆ ದಡದ ಉಳುವರೆಯ ಮನೆಗಳು ಹೋದಾಗ, ಮಾತೆಲ್ಲ ಪರಿಹಾರದ ಮೊತ್ತದ್ದೇ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತು, ಒಳ್ಳೆಯದೇ. ಆದರೆ ಆ 10 ತಿಂಗಳು ಕುಟುಂಬ ಎಲ್ಲಿರಬೇಕು? ನೀರಿಳಿದ ಮೇಲೆ ಕಾಳಜಿ ಕೇಂದ್ರ ಮುಚ್ಚುತ್ತದೆ, ಅದು ಶಾಲೆಯ ಕಟ್ಟಡವಲ್ಲವೇ. ಆಮೇಲೆ ತಂಗಿಯ ಮನೆಯ ಜಗಲಿ, ಭಾವನ ಮನೆಯ ಒಂದು ಕೋಣೆ. ಬಾಡಿಗೆಗಿದ್ದವರ ಪಾಡು ಇನ್ನೂ ಕಷ್ಟ: ಮನೆಹಾನಿಯ ಹಣ ಯಜಮಾನರಿಗೆ, ಇವರಿಗೆ ಪಾತ್ರೆ-ಬಟ್ಟೆಯ ಸಣ್ಣ ನೆರವು.

ನಾನಿರುವ ನ್ಯೂಜೆರ್ಸಿಯ ಉಪನಗರಗಳಲ್ಲಿ ನೆಂಟರ ಈ ಜಗಲಿ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಮನೆ ಬಿಡಬೇಕಾಗಿ ಬಂದ ಕುಟುಂಬ ಕಾರಿನಲ್ಲಿ ಮಲಗುತ್ತದೆ, ಇಲ್ಲವೇ ವಾರದ ಬಾಡಿಗೆಯ ಮೋಟೆಲ್ ಸೇರುತ್ತದೆ. ಮೋಟೆಲ್‌ಗೆ ಕೊಟ್ಟೂ ಕೊಟ್ಟೂ ಹೊಸ ಮನೆಯ ಅಡ್ವಾನ್ಸ್ ಕೂಡುವುದೇ ಇಲ್ಲ. ಇದಕ್ಕೆ ಅಲ್ಲಿ ಕಂಡುಕೊಂಡ ದಾರಿ 'ರ‍್ಯಾಪಿಡ್ ರೀಹೌಸಿಂಗ್'. ಅಂದರೆ ಮನೆ ಕಳೆದುಕೊಂಡವರನ್ನು ಬೇಗ ಬಾಡಿಗೆ ಮನೆ ಸೇರಿಸುವುದು. ನೆರವಿನ ಸಂಸ್ಥೆಯ ಕಾರ್ಯಕರ್ತರೇ ಮನೆ ಹುಡುಕುತ್ತಾರೆ, ಅಡ್ವಾನ್ಸ್ ಮತ್ತು ಕೆಲವು ತಿಂಗಳ ಬಾಡಿಗೆಯನ್ನು ನೇರ ಯಜಮಾನನಿಗೆ ಕಟ್ಟುತ್ತಾರೆ, ಕುಟುಂಬದ ಬೆನ್ನಿಗೂ ನಿಲ್ಲುತ್ತಾರೆ. ಹಿಂದೊಮ್ಮೆ ಕೋರ್ಟಿನ ಆದೇಶದಿಂದ ಮನೆ ಖಾಲಿ ಮಾಡಬೇಕಾಗಿ ಬಂದ ಬಾಡಿಗೆದಾರರಿಗೆ ಮನೆ ಕೊಡಲು ಯಜಮಾನ ಹೆದರುತ್ತಾನೆ. ತಕರಾರು ಬಂದರೆ ಫೋನು ಎತ್ತಲು ಒಬ್ಬರಿದ್ದಾರೆ ಅನ್ನುವುದೇ ಅವನಿಗೆ ಧೈರ್ಯ. ಆದರೆ ಸಂಪಾದನೆ ಬಾಡಿಗೆಗೆ ಸಾಲುವ ಮೊದಲೇ ನೆರವು ನಿಂತುಹೋದರೆ ಕುಟುಂಬ ಮತ್ತೆ ಬೀದಿಗೇ.

ಮಕ್ಕಳ ವಿಷಯದಲ್ಲಂತೂ ಮನೆಯಿಲ್ಲದವರ ನೆರವಿಗೆಂದು ಅಮೆರಿಕ ಮಾಡಿದ 1987ರ ಮೆಕಿನ್ನಿ-ವೆಂಟೊ ಕಾನೂನನ್ನು ನಾವು ಕಣ್ಣುಮುಚ್ಚಿ ತರಬಹುದು. ಕಷ್ಟಕ್ಕೆ ಸಿಕ್ಕಿ ನೆಂಟರ ಮನೆ ಸೇರಿದ ಮಗುವೂ ಅದರ ಲೆಕ್ಕದಲ್ಲಿ ಮನೆಯಿಲ್ಲದ ಮಗುವೇ. ಹಳೆಯ ಶಾಲೆ ಬಿಡಬೇಕಿಲ್ಲ, ಹೋಗಿಬರುವ ವ್ಯವಸ್ಥೆಯೂ ಸಿಗುತ್ತದೆ. ನಮ್ಮಲ್ಲಿ ಹುಡುಗಿಗೆ 'ಶಕ್ತಿ'ಯಿಂದ ಬಸ್ಸು ಪುಕ್ಕಟೆ. ಹುಡುಗನ ಪಾಸಿಗೆ ಹೊಸ ಮಾರ್ಗ ಬರೆಸಿಕೊಟ್ಟರೆ ಟಿಸಿ ತೆಗೆಸುವ ಮಾತೇ ಬರದು.

ಇನ್ನು ಮನೆ. ಅಂಕೋಲೆ, ಕುಮಟೆ, ಹೊನ್ನಾವರದ ಕಡೆ ಬೀಗ ಜಡಿದ ಹಂಚಿನ ಮನೆಗಳು ಎಷ್ಟಿಲ್ಲ! ಯಜಮಾನರು ನಮ್ಮಂಥ ಹೊರನಾಡಿನವರೇ. ಒಲೆ ಉರಿಯದ ಮನೆಯ ಮಾಡಿನ ಮರಕ್ಕೆ, ಪಕಾಸು-ರೀಪಿಗೆ, ಗೆದ್ದಲು ಹಿಡಿಯುತ್ತದೆ, ಸರಿದ ಒಂದು ಹಂಚು ಎರಡೇ ಮಳೆಗಾಲದಲ್ಲಿ ಗೋಡೆ ಕೆಡವುತ್ತದೆ. ಆದರೂ ಕೊಡಲು ಭಯ. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಗದ್ದೆ ಹೋದ ನೆನಪು ಮನೆಗೂ ಅಂಟಿಕೊಂಡಿದೆ. ಆದರೆ ಗೇಣಿಯ ಕಾನೂನು ಉಳುವ ಭೂಮಿಯದ್ದು. ಸ್ಟಾಂಪ್ ಕಾಗದದ ಮೇಲೆ 11 ತಿಂಗಳಿಗೆ ಕೊಟ್ಟ ಮನೆಯದ್ದಲ್ಲ. ಕರಾರಿಗೆ ಊರಿನ ಸೇವಾ ಸಹಕಾರಿ ಸಂಘ ಮೂರನೆಯವರಾಗಿ ನಿಲ್ಲಲಿ. ಅಡ್ವಾನ್ಸ್ ಸಂಘದ್ದೇ ಇರಲಿ. ಒಂದು ಕುಟುಂಬ ಮನೆ ಬಿಟ್ಟಾಗ ಅದೇ ಹಣ ಮುಂದಿನವರಿಗೆ ಆಗುತ್ತದೆ.

ಜುಲೈನಲ್ಲಿ ಹುಡುಕಲು ಹೊರಟರೆ ತಡವಾಯಿತು. ಮೇ ತಿಂಗಳಲ್ಲೇ ಹಂಚು ಕೈಯಾಡಿಸಿ, ವಯರಿಂಗು, ಪಾಯಖಾನೆ, ಬಾವಿಯ ರಾಟೆ ನೋಡಿಸಿ, ಬೀಗದಕೈಯನ್ನು ಸಂಘದ ಕಾರ್ಯದರ್ಶಿಯ ಕೈಯಲ್ಲಿಡಿ.