ಮಾತಾಡೋ ಕಾರೆಲ್ಲ ಕಿಟ್ ಆಗೋದಿಲ್ಲ

ಮೊನ್ನೆ ಭಾನುವಾರ ಭಾವ ಹೊಸ ಕಾರು ತಂದಿದ್ದರು. ಒಂದು ರೌಂಡ್ ಹೋಗಿಬರೋಣ ಬಾ ಅಂದರು, ಹೋದೆ. ಭಾವ ಎಸಿ ಜಾಸ್ತಿ ಮಾಡು ಅಂದರು. ಸರಿ ಅಂತ ಒಂದು ಹೆಣ್ಣುದನಿ ಹೇಳಿತು, ಮಾಡಿತು. ಹಾಡು ಹಾಕು ಅಂದರು, ಹಾಕಿತು. ಆಮೇಲೆ ನನ್ನ ಕಡೆ ತಿರುಗಿ, "ನೋಡೋ, ನೀನು ಕುಣಿದಾಡ್ತಿದ್ದ ಆ ಇಂಗ್ಲಿಷ್ ಧಾರಾವಾಹಿ ನೈಟ್ ರೈಡರ್‌ನ ಕಾರು ಈಗ ಕಂತಿನಲ್ಲಿ ಸಿಗುತ್ತೆ. ಅದರಲ್ಲಿ ಇನ್ನೇನಿತ್ತು ಹೇಳು" ಅಂದರು. ಹಿಂದೆ ಕೂತಿದ್ದ ಮಕ್ಕಳೂ ನಕ್ಕರು. ನಾನು ಆಗ ಸುಮ್ಮನಿದ್ದೆ. ಮೂರು ದಿನವಾಯಿತು, ಆ ಮಾತು ತಲೆಯಿಂದ ಇಳೀತಾ ಇಲ್ಲ.

ಇನ್ನೇನಿತ್ತು ಅಂದರೆ, ಎದುರುತ್ತರ ಇತ್ತು ಭಾವ.

ನೈಟ್ ರೈಡರ್‌ನ ಆ ಮಾತಾಡೋ ಕಾರಿನ ಹೆಸರು ಕಿಟ್. ಅದು ಯಾವತ್ತೂ ಹೇಳಿದ್ದನ್ನೆಲ್ಲ ಮಾಡಿ ಸುಮ್ಮನಾಗುವ ಕಾರಲ್ಲ. ಅದನ್ನು ಓಡಿಸುವ ನಾಯಕ ಮೈಕಲ್ ನೈಟ್ ಏನಾದರೂ ಹುಚ್ಚು ಸಾಹಸಕ್ಕೆ ಹೊರಟರೆ, ಇದು ಸರಿಯಲ್ಲ ಅಂತ ಮೊದಲೇ ಹೇಳುತ್ತಿತ್ತು. ಬೇಜಾರು ಮಾಡಿಕೊಳ್ಳುತ್ತಿತ್ತು. ತನ್ನನ್ನು ಬರೀ ಕಾರು ಅಂದರೆ ಅದಕ್ಕೆ ಮುಖ ಊದಿಕೊಳ್ಳುತ್ತಿತ್ತು. ಮುಖ ಎಲ್ಲಿತ್ತು ಅಂತ ಕೇಳಬೇಡಿ. ಡ್ಯಾಶ್‌ಬೋರ್ಡ್ ಮೇಲೆ ಮೂರು ಸಾಲು ಕೆಂಪು ದೀಪ. ನಡುವಿನ ಸಾಲು ಸ್ವಲ್ಪ ಉದ್ದ. ಮಾತಾಡಿದಾಗ ದೀಪಗಳು ಮೇಲಕ್ಕೂ ಕೆಳಕ್ಕೂ ಚಾಚಿಕೊಳ್ಳುತ್ತಿದ್ದವು, ಮಾತು ನಿಂತರೆ ಆರುತ್ತಿದ್ದವು. ಇಷ್ಟೇ. ಇಷ್ಟರಲ್ಲೇ ಅದಕ್ಕೆ ಸಿಟ್ಟು ಬಂದಿದೆಯೋ ಕಾಳಜಿಯೋ ನಮಗೆ ಗೊತ್ತಾಗುತ್ತಿತ್ತು.

ಹೇಗೆ ಗೊತ್ತಾಗುತ್ತಿತ್ತು? ವಿಲಿಯಂ ಡೇನಿಯಲ್ಸ್ ಇದ್ದರು, ಅದಕ್ಕೆ. ಕಿಟ್‌ನ ದನಿ ಅವರದು. 1982ರಿಂದ 1986ರವರೆಗೆ ಧಾರಾವಾಹಿ ನಡೆಯಿತು, ತಮ್ಮ ಹೆಸರು ಹಾಕುವುದು ಬೇಡ ಅಂತ ಅವರೇ ಹೇಳಿದ್ದರು. ಅದೇ ವರ್ಷಗಳಲ್ಲಿ 'ಸೇಂಟ್ ಎಲ್ಸ್‌ವೇರ್' ಎಂಬ ಆಸ್ಪತ್ರೆಯ ಧಾರಾವಾಹಿಯಲ್ಲಿ ಸಿಡುಕಿನ ಸರ್ಜನ್ ಪಾತ್ರ ಮಾಡುತ್ತಿದ್ದರು. ಅದಕ್ಕೆ 1985 ಮತ್ತು 1986ರಲ್ಲಿ ಎಮ್ಮಿ ಪ್ರಶಸ್ತಿಯೂ ಬಂತು. ಕಿಟ್‌ನ ಮಾತುಗಳನ್ನು ಅವರು ಬೇರೆಯಾಗಿ ರೆಕಾರ್ಡ್ ಮಾಡುತ್ತಿದ್ದರು. ಕಾರಿನಲ್ಲಿ ಮೈಕಲ್ ಪಾತ್ರ ಮಾಡುತ್ತಿದ್ದ ಡೇವಿಡ್ ಹ್ಯಾಸೆಲ್‌ಹಾಫ್ ಒಬ್ಬರೇ ಕೂತು ಡ್ಯಾಶ್‌ಬೋರ್ಡ್ ನೋಡಿಕೊಂಡು ನಗಬೇಕು, ಜಗಳ ಆಡಬೇಕು. ಒಟ್ಟಿಗೆ ಕೂರದ ಇಬ್ಬರು ಅಂಥ ಗೆಳೆತನ ಕಟ್ಟಿದರು. ಅದನ್ನು ಎಸಿ ಜಾಸ್ತಿ ಮಾಡೋ ದನಿಯ ಪಕ್ಕ ಇಟ್ಟರೆ ನನಗೆ ಉರಿಯದೆ ಇರುತ್ತಾ?

ಇನ್ನೊಬ್ಬರನ್ನೂ ಮರೆಯಬಾರದು. ಕಾರು ತಾನೇ ಓಡುವ ದೃಶ್ಯಗಳಲ್ಲಿ ಡ್ರೈವರ್ ಸೀಟು ಖಾಲಿ ಕಾಣುತ್ತಿತ್ತಲ್ಲ, ಅದು ಖಾಲಿ ಅಲ್ಲ. ಸೀಟಿನ ಹಾಗೇ ಕಾಣುವ ಕವಚದೊಳಗೆ ಸ್ಟಂಟ್ ಡ್ರೈವರ್ ಅಡಗಿ ಕೂತು ಆ ಕಪ್ಪು ಪಾಂಟಿಯಾಕ್ ಟ್ರಾನ್ಸ್ ಆಮ್ ಓಡಿಸುತ್ತಿದ್ದರು. ಯಾರಿಗೂ ಕಾಣದ ಹಾಗೆ ಮನುಷ್ಯರು ಒಳಗೆ ಕೂತು ಮಾಡಿದ ಕೆಲಸ ಅದು. ಅದನ್ನು ನಾವು 'ಟೆಕ್ನಾಲಜಿ' ಅಂದುಬಿಡುತ್ತೇವೆ.

ಅದು ಟೆಕ್ನಾಲಜಿಯ ಮಾತಲ್ಲ ಅನ್ನುವುದಕ್ಕೆ ಸಾಕ್ಷಿ ಆ ಧಾರಾವಾಹಿಯಲ್ಲೇ ಇದೆ. 1982ರಲ್ಲೇ, ಮೊದಲ ಸೀಸನ್‌ನಲ್ಲೇ, 'ಕಾರ್' (KARR) ಅನ್ನೋ ಹೆಸರಿನ ಇನ್ನೊಂದು ಗಾಡಿ ಬರುತ್ತೆ. ಕಿಟ್‌ಗಿಂತ ಮೊದಲು ಮಾಡಿದ್ದು. ಅದೇ ಮೈ, ಅದೇ ಶಕ್ತಿ, ಅದೂ ಮಾತಾಡುತ್ತೆ. ಆದರೆ ಅದಕ್ಕೆ ಕಲಿಸಿದ್ದು ಮೊದಲು ತನ್ನನ್ನು ಉಳಿಸಿಕೊಳ್ಳುವುದನ್ನು. ಕಿಟ್‌ಗೆ ಕಲಿಸಿದ್ದು ಮನುಷ್ಯನ ಜೀವ ಉಳಿಸುವುದನ್ನು. ಅಷ್ಟೇ ವ್ಯತ್ಯಾಸ, ಒಂದು ಗೆಳೆಯ, ಒಂದು ರಾಕ್ಷಸ.

ಕಥೆ ಎಲ್ಲಾ ಒಂದೇ ಥರ ಇರ್ತಿತ್ತು ಅಂತ ತಂಗಿ ಹೇಳ್ತಾಳೆ. ವಾರಕ್ಕೊಂದು ಊರು, ಒಬ್ಬ ದುಡ್ಡಿನ ಖಳ, ಕೊನೆಗೆ ಟರ್ಬೊ ಬೂಸ್ಟ್ ಒತ್ತಿ ಕಾರು ಹಾರಿಸುವುದು. ಹೌದು, ಇತ್ತು. ಇರಲಿ. ಖಳ ಯಾರು ಅಂತ ನೋಡೋಕೆ ಯಾರು ಕೂರ್ತಿದ್ದರು? ಅವರಿಬ್ಬರ ಮಾತು ಕೇಳೋಕೆ ಕೂರ್ತಿದ್ದೆವು.

ಇದುವರೆಗೆ ಯಾರಿಗೂ ಹೇಳಿಲ್ಲ, ಈಗ ಹೇಳ್ತೀನಿ. ಅಪ್ಪ ಹೋದಾಗ ನನಗೆ ಹನ್ನೊಂದು ವರ್ಷ. ಬಂದವರೆಲ್ಲ ಅಮ್ಮನ ಹತ್ತಿರ ಕೂತು ಅತ್ತು ಹೋಗುತ್ತಿದ್ದರು. ನನ್ನನ್ನು, ಹೇಗಿದ್ದೀಯ ಮರಿ ಅಂತ ಕೇಳಿ, ಹೂಂ ಅಂದರೆ ಮುಂದೆ ಹೋಗುತ್ತಿದ್ದರು. ಸಂಜೆ ಪಕ್ಕದ ಮನೆಯ ಕೇಬಲ್ ಟೀವಿ ಮುಂದೆ ಹೋಗಿ ಕೂರುತ್ತಿದ್ದೆ. ಇಂಗ್ಲಿಷ್ ಅರ್ಧ ತಿಳೀತಿರಲಿಲ್ಲ. ಆದರೆ ಮೈಕಲ್ ಏಟು ತಿಂದು ಬಂದು ಕೂತರೆ ಕಿಟ್ ಅವನ ನಾಡಿ, ಉಸಿರು ಎಲ್ಲ ನೋಡಿ ವಿಚಾರಿಸುವುದು ಮಾತ್ರ ಚೆನ್ನಾಗಿ ತಿಳೀತಿತ್ತು. ಅವನು ಏನೂ ಆಗಿಲ್ಲ ಅಂದರೆ ಅದು ನಂಬುತ್ತಿರಲಿಲ್ಲ. ಮತ್ತೆ ಕೇಳುತ್ತಿತ್ತು. ಆ ಎರಡನೇ ಸಲ ಕೇಳುವುದು ನನಗೆ ಬೇಕಾಗಿತ್ತು.

ಅದಕ್ಕೇ ಭಾನುವಾರ ನಕ್ಕಾಗ ಅಷ್ಟು ನೋವಾಯಿತು. ಭಾವನ ಕಾರು ಒಳ್ಳೇದೇ ಇದೆ, ಎಸಿನೂ ತಣ್ಣಗಿದೆ. ಅದನ್ನು ಕಿಟ್ ಅನ್ನಬೇಡಿ, ಅಷ್ಟೇ.

ಈ ಶನಿವಾರ ಮಕ್ಕಳನ್ನು ನಮ್ಮ ಮನೆಗೆ ಕಳಿಸಿ ಅಂತ ಅಕ್ಕನಿಗೆ ಫೋನ್ ಮಾಡಿದ್ದೇನೆ. ಕಿಟ್ಟೂ ಆ ರಾಕ್ಷಸ 'ಕಾರ್' ಕೂಡ ಎದುರುಬದುರಾಗುವ ಆ ಕಂತು ಹಾಕಿ ತೋರಿಸ್ತೀನಿ. ಭಾವ, ನೀವೂ ಬನ್ನಿ. ಗಾಡಿ ಕೆಳಗೆ ನಿಲ್ಲಿಸಿ ಮೇಲೆ ಬನ್ನಿ.