ಮಾಸ್ತರ್ರ ಗಂಟು

ನಾನು ಹಾಕಿದ್ದರಲ್ಲಿ ಇದುವರೆಗೆ ಗಟ್ಟಿಯಾಗಿ ನಿಂತ ಗಂಟು ಅಂದರೆ ಮದುವೆ ಮಂಟಪದಲ್ಲಿ ಹಾಕಿದ್ದು. ಅದರಲ್ಲೂ ಮೊದಲನೆಯದು ಮಾತ್ರ ನನ್ನದು. ಉಳಿದೆರಡನ್ನು ಹಿಂದೆ ನಿಂತಿದ್ದ ಅಕ್ಕ, "ಬಿಡು, ಇದು ನಿನ್ನ ಕೈಲಿ ಆಗೋ ಕೆಲಸ ಅಲ್ಲ" ಎಂದು ಕಸಿದುಕೊಂಡು ಹಾಕಿದಳು. ಪುರೋಹಿತರು ಮಂತ್ರ ನಿಲ್ಲಿಸಿ ನಕ್ಕಿದ್ದು ವಿಡಿಯೋದಲ್ಲಿ ಈಗಲೂ ಇದೆ.

ಇಂಥವನಿಗೆ ದೋಣಿ ಕಟ್ಟುವ ಕೆಲಸ ಬಂತು.

ನಾನು ಶಿರಸಿ ಕಡೆಯವನು. ಘಟ್ಟದ ಮೇಲಿನವರಿಗೆ ನೀರು ಅಂದರೆ ಬಾವಿ, ತೋಟದ ಕಾಲುವೆ, ಆಮೇಲೆ ನಾಲ್ಕು ತಿಂಗಳ ಮಳೆ. ಬೆಳಿಗ್ಗೆ ಇದ್ದ ಕಡೆ ಸಂಜೆ ಇರದ ನೀರನ್ನು ನಾನು ನೋಡಿದವನೇ ಅಲ್ಲ. ವರ್ಗವಾಯಿತು. ದೇವಿಮನೆ ಘಟ್ಟ ಇಳಿದು ಕುಮಟಾ ತಾಲೂಕಿನ ಒಂದು ಊರಿಗೆ ಬಂದೆ. ಅಘನಾಶಿನಿ ಸಮುದ್ರ ಸೇರುವ ಮುಂಚೆ ಅಲ್ಲಲ್ಲಿ ಕವಲೊಡೆದು, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಮಧ್ಯೆ, ಭರತದ ನೀರು ನುಗ್ಗುವ ಗಜನಿ ಗದ್ದೆಗಳ ಪಕ್ಕ ಸೋಮಾರಿಯಾಗಿ ಅಲೆಯುವ ಜಾಗ ಅದು. ಬಾಡಿಗೆ ಮನೆ ಕವಲಿನ ಈಚೆ, ಶಾಲೆ ಆಚೆ. ರಸ್ತೆ ಹಿಡಿದರೆ ಸುತ್ತು ಬಳಸಿ ಎಂಟು ಕಿಲೋಮೀಟರ್. ಬಸ್ಸು ಬಂದರೆ ಬಂತು. ದೋಣಿಯಲ್ಲಾದರೆ ಐದೇ ನಿಮಿಷ.

ಪಕ್ಕದ ಮನೆ ಅಜ್ಜನ ಹತ್ತಿರ ಒಂದು ಹಳೇ ಪಾತಿ ದೋಣಿ ಇತ್ತು. ತೆಂಗಿನ ಮರದ ಬುಡದಲ್ಲಿ ಬೋರಲು ಬಿದ್ದಿತ್ತು. ಕೋಳಿಗಳು ಅದರ ಅಡಿಗೆ ಸಂಸಾರ ಹೂಡಿದ್ದವು.

"ತಕಂಡು ಹೋಗಿ ಮಾಸ್ತರ್ರೆ. ಹುಟ್ಟು ಹಾಕೂದು ಒಂದು ವಾರದಲ್ಲಿ ಬತ್ತದೆ" ಎಂದ ಅಜ್ಜ.

ಒಂಬತ್ತು ದಿನದಲ್ಲಿ ಬಂತು. ನೀರಿಗೆ ಬಿದ್ದದ್ದು ಮೂರೇ ಸಲ. ಆ ಕಥೆ ಬೇರೆ.

"ಕಟ್ಟೋದು ಹೇಗೆ?" ಎಂದೆ.

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಗ್ಗ ಅದೆ, ಕಂಬ ಅದೆ. ಮತ್ತೆಂತ ಬೇಕು?"

ನಾನೂ ಹಾಗೇ ಅಂದುಕೊಂಡೆ. ಮೊದಲ ದಿನ ಶಾಲೆ ಕಡೆಯ ಧಕ್ಕೆಯ ಕಂಬಕ್ಕೆ ಹಗ್ಗವನ್ನು ನಾಲ್ಕು ಸುತ್ತು ಸುತ್ತಿ, ಅದರ ಮೇಲೊಂದು ಗಂಟು, ಗಂಟಿನ ಮೇಲೆ ಇನ್ನೊಂದು, ಹೀಗೆ ಒಟ್ಟು ಆರು ಹಾಕಿದೆ. ಗಂಟು ಜಾಸ್ತಿಯಾದಷ್ಟೂ ಭದ್ರ ಅಂತ ನನ್ನ ಲೆಕ್ಕ. ದೋಣಿ ಭದ್ರವಾಗಿಯೇ ಇತ್ತು. ಸಂಜೆ ಐದಕ್ಕೂ ಅಷ್ಟೇ ಭದ್ರ. ದಿನವಿಡೀ ದೋಣಿ ಜಗ್ಗಿ ಜಗ್ಗಿ, ನೀರು ಕುಡಿದ ನಾರಿನ ಹಗ್ಗ ಊದಿಕೊಂಡು, ಆರೂ ಗಂಟು ಸೇರಿ ಒಂದು ಒಣ ತೆಂಗಿನಕಾಯಿ ಆಗಿಬಿಟ್ಟಿದ್ದವು. ಉಗುರು ಹೋಯಿತು. ಕೊನೆಗೆ ಯಾರೂ ನೋಡುತ್ತಿಲ್ಲ ಎಂದುಕೊಂಡು ಹಲ್ಲು ಹಾಕಿದೆ. ಉಪ್ಪು, ಕೆಸರು, ಅದರ ಹಿಂದೆ ಯಾವುದೋ ಹಳೇ ಸಿಗಡಿಯ ಪರಿಮಳ. ಹುಟ್ಟಾ ಸಸ್ಯಾಹಾರಿಯಾದ ನನ್ನ ಬಾಯಿಗೆ ಅಷ್ಟು ಹತ್ತಿರ ಸಮುದ್ರ ಯಾವತ್ತೂ ಬಂದಿರಲಿಲ್ಲ.

"ಸರ್, ಬಿಡಿ ಸರ್."

ಏಳನೇ ಕ್ಲಾಸಿನ ಹುಡುಗ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಚೂಪಾದ ಒಂದು ಕಡ್ಡಿ ತಂದು ಗಂಟಿನ ಹೊಟ್ಟೆಗೆ ತೂರಿಸಿ, ಅಲ್ಲಾಡಿಸಿ, ಎರಡು ನಿಮಿಷದಲ್ಲಿ ಬಿಚ್ಚಿದ. ಬಿಚ್ಚಿದ ಮೇಲೆ ಬಹಳ ಮರ್ಯಾದೆಯಿಂದ ಕೇಳಿದ.

"ಇದು ಯಾವ ಗಂಟು ಸರ್?"

"ಹೊಸದು" ಎಂದೆ.

ಮರುದಿನ ಬಿಚ್ಚಲಾಗದಿದ್ದರೆ ಎಂಬ ಭಯದಲ್ಲಿ ಚಪ್ಪಲಿ ಚೀಲಕ್ಕೆ ಹಾಕುವಂಥ ಒಂದು ಸಣ್ಣ ಗಂಟು ಹಾಕಿ ಹೋದೆ. ಮಧ್ಯಾಹ್ನ ಕಿಟಕಿಯಿಂದ ನೋಡುತ್ತೇನೆ, ದೋಣಿ ಇಲ್ಲ. ಇಳಿತದ ಹೊತ್ತಿಗೆ ನೀರಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ತೆಗೆಯುತ್ತಿದ್ದ ಹೆಂಗಸರು ಅದನ್ನು ಹಿಡಿದಿಟ್ಟಿದ್ದರು. ಒಬ್ಬಾಕೆ ದೋಣಿಯ ಮೂಗು ಹಿಡಿದು, ತಪ್ಪಿಸಿಕೊಂಡ ಕರುವನ್ನು ಮನೆಗೆ ತಂದ ಹಾಗೆ ಎಳೆದು ತಂದಳು.

"ಮಾಸ್ತರ್ರೆ, ನಿಮ್ ದೋಣಿ ನಿಮ್ಮನ್ನ ಬಿಟ್ಟೇ ಮನೆಗೆ ಹೊಂಟಿತ್ತು."

ಹಡಗಿನ ವೇಗವನ್ನು ನಾಟ್ ಎನ್ನುತ್ತಾರಲ್ಲ, ಹಾಗಂದರೆ ಗಂಟು ಎಂದೇ ಅರ್ಥ. ಹಿಂದಿನ ನಾವಿಕರು ಒಂದು ಹಗ್ಗಕ್ಕೆ ಸಮ ಅಂತರದಲ್ಲಿ ಗಂಟು ಹಾಕಿ, ತುದಿಗೆ ಹಲಗೆ ಕಟ್ಟಿ ನೀರಿಗೆ ಬಿಡುತ್ತಿದ್ದರು. ಇಂತಿಷ್ಟು ಸೆಕೆಂಡಿನಲ್ಲಿ ಎಷ್ಟು ಗಂಟು ಕೈಯಿಂದ ಜಾರಿತು ಎಂದು ಎಣಿಸುತ್ತಿದ್ದರು. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಇದನ್ನು ನಾನು ಕ್ಲಾಸಿನಲ್ಲಿ ಹೇಳಿದ್ದೆ ಕೂಡ. "ಸರ್, ಗಂಟೇ ಇಲ್ದೆ ಹೋಗೋ ದೋಣಿಗೆ ಸ್ಪೀಡ್ ಎಷ್ಟು?" ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಯಾರೆಂದು ಗೊತ್ತಾಗಲಿಲ್ಲ. ಗೊತ್ತಾಗದೇ ಇದ್ದದ್ದೇ ಒಳ್ಳೆಯದಾಯಿತು.

ಅದೇ ತಿಂಗಳು ಮಕ್ಕಳನ್ನು ಕಾರವಾರಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಟಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯನ್ನು ದಡಕ್ಕೆ ಹತ್ತಿಸಿ ಮ್ಯೂಸಿಯಂ ಮಾಡಿದ್ದಾರಲ್ಲ, ಅದರ ಮುಂದೆ ಉಳಿದವರೆಲ್ಲ ಕ್ಷಿಪಣಿ ನೋಡುತ್ತಿದ್ದರು. ನಾನು ಅದರ ತಳ ನೋಡುತ್ತಿದ್ದೆ. ನೆಲದ ಮೇಲೆ ಗಟ್ಟಿಯಾಗಿ ಕೂತಿದೆ. ಭರತವಿಲ್ಲ, ಇಳಿತವಿಲ್ಲ, ಹಗ್ಗವೇ ಬೇಡ. ನನಗೆ ಹೇಳಿ ಮಾಡಿಸಿದ ನೌಕೆ.

ವಾಪಸ್ ಬಂದವನು ಸೀದಾ ಅಜ್ಜನ ಜಗಲಿಗೆ ಹೋಗಿ ಕೂತೆ.

ಅಜ್ಜ ಪಾಠ ಮಾಡುವ ರೀತಿ ಬಿಎಡ್‌ನಲ್ಲಿ ಹೇಳಿಕೊಡುವುದಿಲ್ಲ. ಏನೂ ಹೇಳುವುದಿಲ್ಲ. ಬಾಯಲ್ಲಿ ಬೀಡಿ, ಎಡಗೈಲಿ ಬೆಂಕಿಪೆಟ್ಟಿಗೆ. ಬಲಗೈ ಒಂದೇ ಜಗಲಿ ಕಂಬದ ಸುತ್ತ ಹೋಗಿ ಬರುತ್ತದೆ. ಗಂಟು ಆಗಿರುತ್ತದೆ. "ನೋಡಿದ್ರಲ?" ಎನ್ನುತ್ತಾನೆ. ನೋಡಿದ್ದೆ. ಬೀಡಿ ಹೊತ್ತಿದ್ದನ್ನು.

ಹತ್ತನೇ ಸಲಕ್ಕೆ ತಿಳಿಯಿತು. ಕಂಬಕ್ಕೆ ಒಂದು ಸುತ್ತು, ಮೊದಲ ಸುತ್ತನ್ನು ಅಡ್ಡ ದಾಟಿ ಎರಡನೇ ಸುತ್ತು, ತುದಿಯನ್ನು ಆ ಎರಡನೆಯದರ ಅಡಿಗೇ ತೂರಿಸಿ ಜಗ್ಗುವುದು. ಇಂಗ್ಲಿಷಿನಲ್ಲಿ ಕ್ಲೋವ್ ಹಿಚ್. ನೋಡುತ್ತಿದ್ದಂತೆ ಎದೆ ಧಸಕ್ಕೆಂದಿತು. ಇದು ನಮ್ಮಪ್ಪ ಕೊಟ್ಟಿಗೆಯಲ್ಲಿ ದನ ಕಟ್ಟುವ ಗಂಟು! ಎಂಟನೇ ವಯಸ್ಸಿನಲ್ಲಿ ನನಗೆ ಕಲಿಸಿದ್ದ. ನಾನು ಕಟ್ಟಿದ ರಾತ್ರಿಯೇ ದನ ಬಿಚ್ಚಿಕೊಂಡು ಹೋಗಿ ಪಕ್ಕದವರ ತೋಟದಲ್ಲಿ ಎಳೇ ಬಾಳೆ ಹದಿನಾಲ್ಕು ತಿಂದಿತ್ತು. ಹದಿನಾಲ್ಕು ಎಂಬ ಲೆಕ್ಕ ನನ್ನದಲ್ಲ, ಪಕ್ಕದವರದು. ಅಪ್ಪ ಮತ್ತೆ ಹಗ್ಗ ಮುಟ್ಟಲು ಬಿಡಲಿಲ್ಲ. ಅಂದರೆ ಮೂವತ್ತು ವರ್ಷದ ಮೇಲೆ ಅದೇ ಸಬ್ಜೆಕ್ಟಿಗೆ ಮತ್ತೆ ಪರೀಕ್ಷೆ.

ದನದ ವಿಷಯ ಹೇಳಿದೆ. ಅಜ್ಜ ನಗಲಿಲ್ಲ. ಈ ಗಂಟು ಒಂದೇ ಕಡೆಯ ಎಳೆತಕ್ಕೆ ಸರಿ, ದೋಣಿಯಾಗಲಿ ದನವಾಗಲಿ ಆಚೀಚೆ ಅಲ್ಲಾಡುತ್ತಲೇ ಇದ್ದರೆ ಮೆಲ್ಲಗೆ ಸಡಿಲಾಗುತ್ತದೆ ಎಂದ. ಅದಕ್ಕೇ ಉಳಿದ ತುದಿಯಿಂದ ಮೂಲ ಹಗ್ಗಕ್ಕೆ ಎರಡು ಅರೆಗಂಟು ಹಾಕಬೇಕು. ನುಣ್ಣಗಿನ ನೈಲಾನ್ ಹಗ್ಗವಾದರೆ ತುದಿ ಗೇಣುದ್ದವಾದರೂ ಬಿಡಬೇಕು, ನಾರಿನ ಹಗ್ಗದ ಹಾಗೆ ಅದು ಕಚ್ಚಿ ಹಿಡಿಯುವುದಿಲ್ಲ. ಎಂಟನೇ ವಯಸ್ಸಿನಲ್ಲಿ ನಾನು ಆ ಅರೆಗಂಟು ಹಾಕಿರಲಿಲ್ಲ. ತಪ್ಪು ದನದ್ದಲ್ಲ ಎಂದು ಕೊನೆಗೂ ಇತ್ಯರ್ಥವಾಯಿತು.

ಎರಡು ದಿನ ಎಲ್ಲವೂ ಚೆನ್ನಾಗಿತ್ತು. ಮೂರನೇ ದಿನ ಹುಣ್ಣಿಮೆ. ಬೆಳಿಗ್ಗೆ ನೀರು ಧಕ್ಕೆಯ ಅಂಚಿಗೆ ಬಂದಿತ್ತು. ಗಂಟಿನ ಹೆಮ್ಮೆಯಲ್ಲಿ ದೋಣಿಯನ್ನು ಕಂಬಕ್ಕೆ ತಾಗಿಸಿಯೇ ಬಿಗಿದೆ, ಒಂದು ಗೇಣೂ ಸಡಿಲ ಬಿಡದೆ. ತಿದ್ದಿದ ಉತ್ತರ ಪತ್ರಿಕೆಗಳು ಮನೆಯಲ್ಲಿ ಉಳಿಯಬಾರದೆಂದು ಜೊತೆಗೆ ತಂದವನು, ಅವುಗಳ ಚೀಲವನ್ನು ದೋಣಿಯಲ್ಲೇ ಮರೆತೆ. ಎರಡನೇ ಪಿರಿಯಡ್ ವಿಜ್ಞಾನ. ಬೋರ್ಡಿನ ಮೇಲೆ ಸೂರ್ಯ, ಚಂದ್ರ, ಭೂಮಿ ಬರೆದು ಮೂರನ್ನೂ ಒಂದೇ ಗೆರೆಗೆ ತಂದೆ. ಹುಣ್ಣಿಮೆ ಅಮಾವಾಸ್ಯೆಗೆ ಇಬ್ಬರ ಎಳೆತವೂ ಕೂಡುತ್ತದೆ, ಆಗ ಭರತವೂ ಜೋರು, ಇಳಿತವೂ ಜೋರು. ಭರತದಿಂದ ಇಳಿತಕ್ಕೆ ಸುಮಾರು 6 ಗಂಟೆ 12 ನಿಮಿಷ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಚೆನ್ನಾಗಿಯೇ ಪಾಠ ಮಾಡಿದೆ.

ಸಂಜೆ ಹೋಗಿ ನೋಡಿದರೆ ನೀರು ಹೋಗಿದೆ. ದೋಣಿ ಕಂಬಕ್ಕೆ ನೇತಾಡುತ್ತಿದೆ. ಮೂಗು ಮೇಲೆ, ಬಾಲ ಕೆಸರಲ್ಲಿ. ಅಂಗಡಿ ಮುಂದೆ ನೇತುಹಾಕಿದ ಬಾಳೆಗೊನೆ ನೋಡಿ, ಹಾಗೆ. ಗಂಟು ಒಂದಿಂಚು ಜಾರಿಲ್ಲ. ಚೀಲ ಮಾತ್ರ ಜಾರಿದೆ. ಉತ್ತರ ಪತ್ರಿಕೆಗಳು ಕೆಸರಲ್ಲಿ ಹರಡಿವೆ. ಅವುಗಳ ಮೇಲೆ ಸಣ್ಣ ಏಡಿಗಳು ಓಡಾಡುತ್ತ ನನಗಿಂತ ಆಸಕ್ತಿಯಿಂದ ಪರಿಶೀಲಿಸುತ್ತಿವೆ.

ಕಡ್ಡಿ ತಂದಿದ್ದ ಹುಡುಗನೇ ಮತ್ತೆ ಪಕ್ಕದಲ್ಲಿ ನಿಂತಿದ್ದ.

"ಸರ್, ಬೆಳಿಗ್ಗೆ ನೀವೇ ಹೇಳಿದ್ರಲ್ಲ..."

"ಹೌದಪ್ಪ. ಹೇಳಿದ್ದೆ."

ಅವತ್ತು ಅಜ್ಜ ಇನ್ನೊಂದು ಗಂಟು ತೆಗೆದ. ತುದಿಯಲ್ಲೊಂದು ಕುಣಿಕೆ, ಎಷ್ಟು ಎಳೆದರೂ ಬಿಗಿಯುವುದಿಲ್ಲ, ಬಿಚ್ಚುವಾಗ ಹಟ ಮಾಡುವುದೂ ಇಲ್ಲ. ಅದನ್ನು ಗೂಟದ ಸುತ್ತ ಬಳೆಯ ಹಾಗೆ ಸಡಿಲವಾಗಿ ಬಿಟ್ಟರೆ ನೀರು ಏರಿದಾಗ ಏರುತ್ತದೆ, ಇಳಿದಾಗ ಇಳಿಯುತ್ತದೆ. ಯೂಟ್ಯೂಬಿನಲ್ಲಿ ಹುಡುಕಿದೆ. ಅದರ ಹೆಸರು ಬೋಲಿನ್. ಅಲ್ಲಿ ಕಲಿಸುವವರು ಮೊಲದ ಕಥೆ ಹೇಳುತ್ತಾರೆ. ಅಜ್ಜನ ಕಥೆಯಲ್ಲಿ ಏಡಿ. ಹಗ್ಗದಲ್ಲಿ ಒಂದು ಬಿಲ ಮಾಡು. ಏಡಿ ಬಿಲದಿಂದ ಮೇಲೆ ಬಂತು. ಕಾಂಡ್ಲಾ ಗಿಡದ ಹಿಂದಿಂದ ಸುತ್ತಿತು. ಎದುರಿಗೆ ಮಾಸ್ತರ್ರನ್ನು ಕಂಡಿತು. ಬಂದ ಬಿಲಕ್ಕೇ ವಾಪಸ್ ಹೋಯಿತು. ಜಗ್ಗು.

ನನ್ನ ಏಡಿ ಮೊದಲ ವಾರವೆಲ್ಲ ದಾರಿ ತಪ್ಪಿತು. ಗಿಡವನ್ನು ತಪ್ಪು ಕಡೆಯಿಂದ ಸುತ್ತಿತು, ಪಕ್ಕದವರ ಬಿಲಕ್ಕೆ ಹೋಯಿತು. ನಾನು ಬಿಡಲಿಲ್ಲ. ಮಂಚದ ಕಾಲು, ಕೊಡೆಯ ಹಿಡಿ, ಬಕೆಟ್ಟು, ಕೈಗೆ ಸಿಕ್ಕಿದ್ದಕ್ಕೆಲ್ಲ ಕುಣಿಕೆ. ಕಣ್ಣು ಮುಚ್ಚಿ ಹಾಕಬೇಕು, ಕತ್ತಲಲ್ಲಿ ಬೇಕಾಗುತ್ತದೆ ಎಂದಿದ್ದ ಅಜ್ಜ. ಒಂದು ಸಂಜೆ ಹಗ್ಗದ ಒಂದು ತುದಿ ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿಯಿಂದ ಕಣ್ಣು ಮುಚ್ಚಿಕೊಂಡು ನನ್ನ ಸೊಂಟದ ಸುತ್ತಲೇ ಹಾಕಿದೆ. ಮೊದಲ ಸಲಕ್ಕೇ ಸರಿಯಾಯಿತು. ಅದೇ ಹೊತ್ತಿಗೆ ಕರೆಂಟು ಹೋಯಿತು, ಕುಕ್ಕರ್ ಕೂಗಿತು, ಹಿತ್ತಲಿನಿಂದ ಹೆಂಡತಿ, "ರೀ, ಮೂರಕ್ಕೆ ಆಫ್ ಮಾಡಿ" ಎಂದು ಕೂಗಿದಳು.

ಓಡಿದೆ. ಒಲೆಗೆ ಇನ್ನೆರಡು ಹೆಜ್ಜೆ ಇರುವಾಗ ಹಗ್ಗ ಮುಗಿಯಿತು. ಕೈ ಚಾಚಿದರೆ ಗ್ಯಾಸಿನ ಗುಂಡಿಗೆ ಒಂದು ಗೇಣು ಕಡಿಮೆ. ಎಳೆತದಲ್ಲಿರುವಷ್ಟು ಹೊತ್ತು ಬೋಲಿನ್ ಬಿಚ್ಚಲು ಬರುವುದಿಲ್ಲ. ಬಿಚ್ಚಬೇಕಾದರೆ ಮೊದಲು ಹಿಂದೆ ಬಂದು ಹಗ್ಗ ಸಡಿಲ ಮಾಡಬೇಕು. ಇದು ನನಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ, ಅದು ಒಲೆ ಕಡೆಗೇ ಜಗ್ಗುತ್ತಿತ್ತು. ಹೆಂಡತಿ ಮೊಬೈಲ್ ಬೆಳಕು ಹಿಡಿದು ಒಳಗೆ ಬಂದಾಗ ಏಳನೇ ಸೀಟಿ. ಆಕೆ ಮೊದಲು ಗ್ಯಾಸ್ ಆರಿಸಿದಳು. ಆಮೇಲೆ ಬೆಳಕನ್ನು ನನ್ನ ಸೊಂಟದಿಂದ ಹಗ್ಗದ ಗುಂಟ ನಿಧಾನವಾಗಿ ಕಿಟಕಿಯವರೆಗೆ ಒಯ್ದಳು.

"ಎಷ್ಟು ದಿನದಿಂದ ಹೀಗೆ?" ಎಂದಳು.

ಅವತ್ತಿನ ಬೇಳೆಯನ್ನು ಕುಡಿದೆವು.

ಇಷ್ಟೆಲ್ಲ ಆದ ಮೇಲೆ ಗಂಟಂತೂ ಕೈಗೆ ಬಂತು. ಮನೆ ಕಡೆಯ ದಡದಲ್ಲಿ ಕಂಬ ಇರಲಿಲ್ಲ, ಅಲ್ಲಿಯವರೆಗೆ ತೆಂಗಿನ ಬೇರಿಗೆ ಕಟ್ಟುತ್ತಿದ್ದೆ. ಒಂದು ಭಾನುವಾರ ಒಳ್ಳೇ ಬಿದಿರಿನ ಗಳ ತಂದು, ತುದಿ ಚೂಪು ಮಾಡಿ, ಕೆಸರಲ್ಲಿ ಹುಗಿದೆ. ಸಂಜೆ ದೋಣಿ ಹಗ್ಗದ ಕುಣಿಕೆಯನ್ನು ಅದಕ್ಕೆ ತೊಡಿಸಿದೆ. ಏಡಿ ಬಂತು, ಸುತ್ತಿತು, ಹೋಯಿತು. ಫೋಟೋ ತೆಗೆದು ಅಕ್ಕನಿಗೂ ಕಳಿಸಿದೆ.

ಅವತ್ತು ಅಮಾವಾಸ್ಯೆ.

ಬೆಳಿಗ್ಗೆ ದಡದಲ್ಲಿ ದೋಣಿ ಇಲ್ಲ. ಗೂಟವೂ ಇಲ್ಲ. ಕೆಸರಲ್ಲಿ ಒಂದು ದುಂಡನೆಯ ತೂತು ಮಾತ್ರ ಇತ್ತು, ಅದರೊಳಗೆ ನೀರು ತುಂಬಿ ಆಕಾಶ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತಿದ್ದಾಗ ಕವಲಿನ ತಿರುವಿನಲ್ಲಿ ಅಜ್ಜ ಕಾಣಿಸಿದ. ತನ್ನ ದೋಣಿಯಲ್ಲಿ ಕೂತು ನನ್ನ ದೋಣಿ ಎಳೆದು ತರುತ್ತಿದ್ದ. ಅದರ ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ನನ್ನ ಗೂಟ, ನೀರ ಮೇಲೆ ತೇಲಿಕೊಂಡು. ಗೂಟ ಕಿತ್ತುಕೊಂಡು ಹೋದ ದನ ಸಂಜೆ ಅದನ್ನು ಎಳೆದುಕೊಂಡೇ ಕೊಟ್ಟಿಗೆಗೆ ಬರುತ್ತದಲ್ಲ, ಥೇಟ್ ಹಾಗೆ.

ಮೇಲಿನ ಕಾಂಡ್ಲಾ ಪೊದೆಯಲ್ಲಿ ಸಿಕ್ಕಿಕೊಂಡಿತ್ತಂತೆ. ಅಜ್ಜ ದಡಕ್ಕೆ ಬಂದು ಗೂಟ ಎತ್ತಿ ನನ್ನ ಮುಖದ ಹತ್ತಿರ ಹಿಡಿದ. ಕುಣಿಕೆ ಹಾಗೇ ಇತ್ತು. ಒಂದು ಎಳೆಯೂ ಕದಲಿರಲಿಲ್ಲ. ಬಿದಿರಿನ ಗೆಣ್ಣಿನಲ್ಲಿ ಉಳಿದಿದ್ದ ಸಣ್ಣ ಕವಲಿನ ಮೊಟಕಿಗೆ ಸಿಕ್ಕಿಹಾಕಿಕೊಂಡು, ಮೇಲೂ ಹೋಗದೆ ಕೆಳಗೂ ಬಾರದೆ ಕೂತಿತ್ತು. ನೀರು ಏರಿದೆ, ದೋಣಿ ಏರಿದೆ, ಕುಣಿಕೆ ಏರಲಿಲ್ಲ. ಗೂಟವೇ ಏರಿತು.

"ಗಂಟು ಬಿಡಲಿಲ್ಲ ಮಾಸ್ತರ್ರೆ" ಎಂದ ಅಜ್ಜ, ನನ್ನ ಉತ್ತರ ಪತ್ರಿಕೆ ತಿದ್ದುವವನ ಹಾಗೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತ. "ಗೂಟ ಬಿಟ್ಟಿತು."

ಹತ್ತಕ್ಕೆ ಎಷ್ಟು ಕೊಡ್ತೀರಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಬೀಡಿ ಹೊತ್ತಿಸಿ, ಗೂಟವನ್ನು ಕುಣಿಕೆ ಸಮೇತ ನನ್ನ ಹೆಗಲಿಗೆ ಒರಗಿಸಿ, ಅಜ್ಜ ಮನೆ ಕಡೆ ಹೊರಟ. ನಾಲ್ಕು ಹೆಜ್ಜೆ ಹೋಗಿ ತಿರುಗಿದ.

"ನಾಳೆ ಬನ್ನಿ. ಗೂಟ ಹುಗಿಯೂದು ಕಲಿಸ್ತೆ. ಕತ್ತಿ ತಕಂಡು ಬನ್ನಿ, ಹಗ್ಗ ಬೇಡ."