ಸತ್ಯಾಂಶ: ಎಲ್ ನಿನೋ ಬಂದರೆ ಬರ ಖಚಿತವೇ?

‘ಎಲ್ ನಿನೋ ಬರ್ತಿದೆ, ಈ ಸಲ ಮಳೆಯಿಲ್ಲ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಮತ್ತೆ ಹರಿದಾಡುತ್ತದೆ. ಇದು ಪೂರ್ತಿ ಸುಳ್ಳಲ್ಲ, ಆದರೆ ಖಚಿತ ಎನ್ನುವುದು ತಪ್ಪು.

ಪೆಸಿಫಿಕ್ ಸಾಗರದ ಸಮಭಾಜಕ ಭಾಗದ ಮೇಲ್ಮೈ ನೀರು ವಾಡಿಕೆಗಿಂತ ಕನಿಷ್ಠ 0.5 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿ, ತಿಂಗಳುಗಟ್ಟಲೆ ಹಾಗೇ ಉಳಿದರೆ ಅದು ಎಲ್ ನಿನೋ. ಆಗ ಮೋಡ ಕಟ್ಟುವ ವಲಯ ಪೂರ್ವಕ್ಕೆ ಸರಿದು, ಭಾರತದ ಮುಂಗಾರು ಸೊರಗುವ ಸಾಧ್ಯತೆ ಹೆಚ್ಚುತ್ತದೆ. 2002, 2009, 2015ರಲ್ಲಿ ಹಾಗೇ ಆಯಿತು. ಆದರೆ 1997ರ ಎಲ್ ನಿನೋ ಶತಮಾನದ ಪ್ರಬಲವಾದವುಗಳಲ್ಲೊಂದು. ಆ ವರ್ಷ ದೇಶದಲ್ಲಿ ವಾಡಿಕೆಗಿಂತ ತುಸು ಹೆಚ್ಚೇ ಮಳೆ ಸುರಿಯಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಬೆಚ್ಚಗಿದ್ದುದು ಅದಕ್ಕೆ ಒಂದು ಮುಖ್ಯ ಕಾರಣ.

ಇನ್ನೊಂದು ಎಡವಟ್ಟು, ನಮ್ಮ ಪ್ರಕಾರ ಹೆಚ್ಚು ನಷ್ಟ ಮಾಡುವಂಥದ್ದು: ದೇಶದ ಸರಾಸರಿಯನ್ನು ನಮ್ಮೂರಿನ ಮಳೆ ಎಂದು ಓದುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ವಾಡಿಕೆ ಸುಮಾರು 87 ಸೆಂಟಿಮೀಟರ್. ಅದರ ಶೇ 96ರಿಂದ 104ರಷ್ಟು ಬಿದ್ದರೆ ‘ಸಾಮಾನ್ಯ’. 2023ರಲ್ಲಿ ದೇಶಕ್ಕೆ ಶೇ 94ರಷ್ಟು ಮಳೆ ಬಂತು, ಅಂದರೆ ಸಣ್ಣ ಕೊರತೆ. ಕರ್ನಾಟಕದಲ್ಲಿ ಮಾತ್ರ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು.

ಹವಾಮಾನ ಇಲಾಖೆಯ ಏಪ್ರಿಲ್ ಮುನ್ಸೂಚನೆಗೆ ಶೇ 5ರಷ್ಟು ಆಚೀಚೆ ಇದ್ದೇ ಇರುತ್ತದೆ. ಮೇ ಕೊನೆಯಲ್ಲಿ ಬರುವ ಪರಿಷ್ಕೃತ ಮುನ್ಸೂಚನೆ ಹೆಚ್ಚು ನಂಬಲರ್ಹ. ಬಿತ್ತನೆಯ ದಿನ ಗೊತ್ತುಮಾಡಲು ಇವೆರಡೂ ಸಾಲವು. ಮಣ್ಣಿನ ಹಸಿ ನೋಡಿ, ವಾರದ ಜಿಲ್ಲಾ ಮುನ್ಸೂಚನೆ ಓದಿ ನಿರ್ಧರಿಸಿ.